ಮಗಳ ಕ್ಯಾಮೆರಾದ ಮೂರು ಅಂಕಿಗಳು

ಮಗಳು ತೀರಿಕೊಂಡ ಮೇಲೆ ಅವಳ ಕ್ಯಾಮೆರಾ ಬೀರುವಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಒಳಗೆ ಚಿತ್ರಗಳು ಉಳಿಯುವ ಕಾರ್ಡ್ ಇರಲಿಲ್ಲ. ಚಾರ್ಜ್ ಮಾಡಿ, ಹೊಸ ಕಾರ್ಡ್ ತಂದು ಹಾಕಿ, ಸರಸ್ವತಿಪುರಂನ ನಮ್ಮ ಮನೆ ಗೇಟಿನ ಮುಂದೆ ನಿಂತು ಎದುರಿನ ಹೊಂಗೆ ಮರದ ಚಿತ್ರ ತೆಗೆದೆ. ಬಿಳಿ ಹಾಳೆಯ ಹಾಗೆ ಬಂತು.

ಕಾರ್ಡ್ ಕೊಟ್ಟ ಅಂಗಡಿಯವನು ನೋಡಿ ನಕ್ಕ. "ಮ್ಯಾನ್ಯುಯಲ್‌ನಲ್ಲಿದೆ ಸಾರ್. ಬೆಳಕಿಗೆ ತಕ್ಕಂಗೆ ಅಂಕಿ ನಾವೇ ಇಡ್ಬೇಕು. ಆಟೋಗೆ ತಿರುಗಿಸ್ಬುಡ್ತೀನಿ, ಎಲ್ಲಾ ಅದೇ ನೋಡ್ಕೊಳ್ಳುತ್ತೆ" ಎಂದು ಕೈ ಹಾಕಿದ. ನಾನು ಕಿತ್ತುಕೊಂಡುಬಿಟ್ಟೆ. ಪರದೆಯ ಮೇಲಿದ್ದ ಮೂರು ಅಂಕಿಗಳನ್ನು ಇಟ್ಟವಳು ನನ್ನ ಮಗಳು. ಯಾವುದರ ಚಿತ್ರಕ್ಕೆಂದು ಹಾಗೆ ಇಟ್ಟಿದ್ದಳೋ ನನಗೆ ತಿಳಿಯಬೇಕಿತ್ತು.

ತಿಳಿಯಬೇಕಾದ ಕಾರಣವನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾ ಅವಳು ತನ್ನ ಸಂಬಳದಲ್ಲಿ ಕೊಂಡದ್ದು. ಒಂದು ಭಾನುವಾರ ನಸುಕಿನಲ್ಲಿ ಫೋಟೋ ತೆಗೆಯುವ ಗುಂಪಿನವರ ಜೊತೆ ಕೆರೆಯ ಹಕ್ಕಿಗಳ ಚಿತ್ರ ತೆಗೆಯಲು ಹೊರಟಳು. ಗಂಡು ನೋಡುತ್ತಿದ್ದ ಕಾಲ. ನಾನು ಬಾಗಿಲಿಗೆ ಅಡ್ಡ ನಿಂತೆ. "ಅದನ್ನ ಕೊರಳಿಗೆ ನೇತಾಕ್ಕೊಂಡು ಸುತ್ತಿದ್ರೆ ನೋಡ್ದೋರು ಏನಂದಾರು? ಬೇಕಿದ್ರೆ ಮನೇಲೇ ತೆಕ್ಕೊ." ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಎದುರಾಡದ ಮಗಳೆಂದು ನೆಂಟರ ಮುಂದೆ ಹೊಗಳಿಕೊಂಡೆ ಬೇರೆ. ಮರುವರ್ಷ ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ.

ನಾನು ಎಸ್‌ಎಸ್‌ಎಲ್‌ಸಿ ಓದಿ ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದವನು. ಕನ್ನಡದಲ್ಲಿ ಸಿಕ್ಕ ತೆಳ್ಳನೆಯ ಪುಸ್ತಕವೊಂದು ರೀಲು ಹಾಕುವ ಕಾಲದ್ದು. ಇನ್ನೊಂದು, ಕ್ಯಾಮೆರಾವನ್ನು ಆಟೋಗೆ ತಿರುಗಿಸಿ ಎಂಬಲ್ಲಿಗೇ ಮುಗಿದುಹೋಗಿತ್ತು. "ಮೊಬೈಲಲ್ಲಿ ವಿಡಿಯೋ ನೋಡಿ ಯಜಮಾನ್ರೇ, ಈಗ ಪುಸ್ತಕ ಯಾರು ಕೇಳ್ತಾರೆ" ಎಂದರು ಪುಸ್ತಕದಂಗಡಿಯವರು. ವಿಡಿಯೋದವರ ಮಾತಿನ ಓಟ ನನಗೆ ಎಟುಕಲಿಲ್ಲ. ಪುಸ್ತಕವಾದರೆ ಕಾಯುತ್ತದೆ. ಕೊನೆಗೆ ಅಗ್ರಹಾರದ ಹಳೇ ಪುಸ್ತಕದಂಗಡಿಯಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕವೊಂದು ಸಿಕ್ಕಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೂತೆ.

"ಅವಳಿದ್ದಾಗ ಈ ಕ್ಯಾಮೆರಾ ಕಂಡ್ರೆ ಉರ್ಕೊಂಡ್ ಬೀಳ್ತಿದ್ರಿ. ಈಗ ಮಗೂ ಥರ ತೊಡೆ ಮೇಲಿಟ್ಕೊಂಡಿದೀರ" ಎಂದಳು ಹೆಂಡತಿ. ನಾನು ನಿಘಂಟಿನ ಹಾಳೆ ತಿರುವಿದೆ.

ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಬೆಳಕಿನ ಕಿಂಡಿ ಎಷ್ಟು ಅಗಲವಿರಬೇಕು, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು. ಆ ಮೂರು ಅಂಕಿಗಳು ಇವೇ. ಎಂಥ ಬೆಳಕಿಗೆ ಎಷ್ಟೆಷ್ಟು ಎಂದು ಒಂದು ಪುಟದಲ್ಲಿ ಕೊಟ್ಟಿದ್ದರು. ಮಗಳ ಅಂಕಿಗಳು ಬಿಸಿಲಿಗಲ್ಲ, ನೆರಳಿಗೂ ಅಲ್ಲ. ಎರಡು ಕಡೆ ಮಾತ್ರ ಹೊಂದುತ್ತಿದ್ದವು: ಮನೆಯೊಳಗಿನ ಮಬ್ಬಿಗೆ, ಇಲ್ಲವೇ ಸೂರ್ಯ ಹುಟ್ಟುವ ಮೊದಲಿನ ಬಯಲಿಗೆ.

ಹಾಗಿದ್ದರೆ ಅವಳು ಹೋಗಿದ್ದಳೇನೋ! ನನ್ನ ಕಣ್ಣು ತಪ್ಪಿಸಿ, ನಾನು ಏಳುವ ಮೊದಲೇ, ಒಂದು ದಿನವಾದರೂ ಕೆರೆಯ ದಡದಲ್ಲಿ ನಿಂತಿದ್ದಳೇನೋ. ಮಗಳು ನನಗೆ ಮೋಸ ಮಾಡಿರಲಪ್ಪ ಎಂದು ದೇವರಿಗೆ ಕೈ ಮುಗಿದ ತಂದೆ ನಾನೊಬ್ಬನೇ ಇರಬೇಕು.

ಅಡುಗೆಮನೆಗೆ ಹೋದೆ. ಹೆಂಡತಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನಂಗೆ ಗೊತ್ತಾಗದಂಗೆ ಅವಳು ಕೆರೆಗೆ ಹೋಗಿದ್ಲಾ? ನಿಜ ಹೇಳು, ಈಗ ಯಾರು ಬೈಯೋರಿದಾರೆ."

ಅವಳು ಕೈ ನಿಲ್ಲಿಸಿದಳು. "ನಾನೇ ಹೇಳಿದ್ದೆ ಕಣ್ರೀ, ಅಪ್ಪ ಏಳೋದ್ರೊಳಗೆ ಹೋಗ್ಬಂದ್ಬುಡು, ನಾನು ಬಾಗ್ಲು ತೆಗೀತೀನಿ ಅಂತ. 'ಬೇಡಮ್ಮ, ಅಪ್ಪಂಗೆ ಗೊತ್ತಾದ್ರೆ ನೊಂದ್ಕೋತಾರೆ' ಅಂದ್ಳು."

"ಮತ್ತೆ ತೆಗೀತಿದ್ದಿದ್ದು?"

"ಇಲ್ಲೇ. ನಾನು ಕಾಯಿ ಸುಲಿಯೋದು, ಹಾಲು ಉಕ್ಕೋದು. ಇನ್ನೇನಿದೆ ಇಲ್ಲಿ?"

ಆದರೂ ಮನಸ್ಸು ಒಪ್ಪಲಿಲ್ಲ. ತಾಯಿಗೂ ಹೇಳದೆ ಹೋಗಿರಬಾರದೇಕೆ? ಒಂದು ಅಂಕಿಯನ್ನೂ ಕದಲಿಸದೆ ಕ್ಯಾಮೆರಾ ಎತ್ತಿ ಹೆಂಡತಿಯ ಕಡೆ ಹಿಡಿದೆ. ಚಿತ್ರ ಕಪ್ಪಾಗಿ ಬರಲಿ, ಮಂಕಾಗಿಯಾದರೂ ಬರಲಿ, ಈ ಬೆಳಕಿಗೆ ಇಟ್ಟದ್ದಲ್ಲ ಎಂದಾಗಲಿ ಎಂದು ಬೇಡಿಕೊಳ್ಳುತ್ತಾ ಗುಂಡಿ ಒತ್ತಿದೆ.

ಹೆಂಡತಿಯ ನರೆತ ಕೂದಲು, ಬೆರಳ ತುದಿಯ ಹಸಿರು ಕಲೆ, ಮೊರದಲ್ಲಿದ್ದ ಕಾಳುಗಳು, ಎಲ್ಲವೂ ಇದ್ದಂತೆಯೇ, ಒಂದಿಷ್ಟೂ ಕಪ್ಪಿಲ್ಲದೆ, ಬಿಳಿಯಿಲ್ಲದೆ ಮೂಡಿದ್ದವು.