ಐದು ನಂಬರಿನ ಲೆನ್ಸ್

ಎಪ್ಪತ್ತರ ದಶಕದ ಕೊನೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಆಗಷ್ಟೇ ಸೇರಿದ್ದೆ. ಅಳೆದು ನೋಡದೆ ಯಾವುದನ್ನೂ ಒಪ್ಪುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈ ಪ್ರಸಂಗದಲ್ಲಿ ಅಳೆಯದೆ ಬಿಟ್ಟವನು ನಾನೇ. ಅದಷ್ಟು ಖಚಿತ. ಉಳಿದದ್ದರಲ್ಲಿ ನೆನಪು ಎಷ್ಟು, ಆಮೇಲೆ ಕಟ್ಟಿಕೊಂಡದ್ದು ಎಷ್ಟು ಎಂದು ಹೇಳಲಾರೆ.

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಕಣ್ಣು ತಪಾಸಣೆಯ ಶಿಬಿರವಿತ್ತು. ಗೋಡೆಗೆ ತೂಗುಹಾಕಿದ ಅಕ್ಷರದ ಹಲಗೆಯನ್ನು ಸಾಲಿನಲ್ಲಿ ನಿಂತವರು ಕೇಳಿ ಕೇಳಿ ಬಾಯಿಪಾಠ ಮಾಡುತ್ತಾರೆ ಎಂಬುದು ಡಾಕ್ಟರ ದೂರು. ಕಾಲೇಜಿನ ಸಣ್ಣ ಪ್ರೊಜೆಕ್ಟರಿನಿಂದ ಅಕ್ಷರ ಬೀಳಿಸಿದರೆ ಸ್ಲೈಡ್ ಬದಲಿಸುತ್ತಾ ಹೋಗಬಹುದು ಎಂದೆ. ಅವರು ಖುಷಿಯಿಂದ ಒಪ್ಪಿದರು.

ಶಿಬಿರಕ್ಕೆ ಕೊಟ್ಟಿದ್ದ ಶಾಲೆಯ ಕೋಣೆಯಲ್ಲಿ ಸಿಗುತ್ತಿದ್ದ ದೂರ ಹತ್ತೇ ಅಡಿ. ಪ್ರೊಜೆಕ್ಟರಿನ ನಾಲ್ಕು ಇಂಚಿನ ಲೆನ್ಸು ಅಷ್ಟು ದೂರಕ್ಕೆ ಗಜದಗಲಕ್ಕಿಂತ ದೊಡ್ಡ ಚಿತ್ರ ಬೀಳಿಸುತ್ತಿತ್ತು. ನಮಗೆ ಬೇಕಾದದ್ದು ಅದರ ಅರ್ಧ. ಹತ್ತಿರದಿಂದಲೇ ಚಿತ್ರ ಚಿಕ್ಕದಾಗಿ ಬೀಳಬೇಕಾದರೆ ಬೆಳಕು ಕಿರಿದಾಗಿ ಹೊರಡಬೇಕು. ಅದಕ್ಕೆ ಸಂಗಮದೂರ, ಎಂದರೆ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುವ ದೂರ, ಹೆಚ್ಚಿರುವ ಲೆನ್ಸ್ ಬೇಕು, ಅಂದರೆ ಎಂಟು ಇಂಚಿನದು. ಕನ್ನಡಕದವರ ಡಯಾಪ್ಟರ್ ಲೆಕ್ಕದಲ್ಲಿ ಅದು ಪ್ಲಸ್ ಐದು.

ಬೆಳಗಾವಿಯ ಪೇಟೆಯ ಒಂದು ಸಂದಿಯಲ್ಲಿ ಕನ್ನಡಕದ ಗಾಜು, ಅವರ ಮಾತಿನಲ್ಲಿ ಕಾಚು, ಸಾಣೆ ಹಿಡಿಯುವ ಮುದುಕರೊಬ್ಬರಿದ್ದರು. ಎಲ್ಲರಿಗೂ ಅವರು ಚಾಚಾ. ಶಿಬಿರದ ಕನ್ನಡಕಗಳನ್ನೆಲ್ಲ ಅವರಿಂದಲೇ ಮಾಡಿಸುವುದೆಂದು ಡಾಕ್ಟರು ಹೇಳಿದ್ದರು. ಅದೇ ಹುರುಪಿನಲ್ಲಿದ್ದರು ಚಾಚಾ.

"ಚಾಚಾ, ಐದು ನಂಬರಿಂದು ಒಂದು ಕಾಚ್ ಬೇಕಾಗಿತ್ರಿ," ಎಂದೆ.

"ಯಾರ ಕಣ್ಣಿಗ್ರಿ ಸರ?"

"ಮಷೀನಿನ ಕಣ್ಣಿಗೆ."

"ಹಾಂ ಹಾಂ, ಮಷೀನಿಗೂ ವಯಸ್ಸಾತೇನ್ ಮತ್ತ! ಕುಂದರ್ರಿ, ಚಾ ಕುಡೀರಿ."

'ಐದು ನಂಬರ್' ಎಂದೆನೋ, 'ಪ್ಲಸ್ ಐದು' ಎಂದೆನೋ? ಸಾವಿರ ಸಲ ಕೇಳಿಕೊಂಡಿದ್ದೇನೆ. ಕಾಚನ್ನು ಅವರು ಒಂದು ಚೀಟಿಯಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಿಂದ ಏನೋ ಬರೆದು ಕೊಟ್ಟರು.

ಬೀಡಿಯಲ್ಲಿ ಅದನ್ನು ರಟ್ಟಿನ ಕೊಳವೆಗೆ ಕೂಡಿಸಿದೆ. ಚಿತ್ರ ಸ್ಪಷ್ಟವಾಗಬೇಕಾದರೆ ಕೊಳವೆಯನ್ನು ನಾನು ಎಣಿಸಿದ್ದಕ್ಕಿಂತ ಬಹಳ ಒಳಗೆ ತಳ್ಳಬೇಕಾಯಿತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಂತ್ರ ಚಿಕ್ಕದಾಯಿತಲ್ಲ ಎಂದು ಸಂತೋಷಪಟ್ಟೆ.

ಬೆಳಿಗ್ಗೆಯಿಂದ ಬಂದವರೆಲ್ಲ ಕೊನೆಯ ಸಾಲಿನವರೆಗೆ ಓದಿದರು. ಒಬ್ಬ ಅಜ್ಜಿಗೆ ಪೊರೆ ಬಂದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಓದು ಬಾರದವರಿಗೆಂದು ಹಾಕಿದ ಗುರುತುಗಳು ಯಾವ ಕಡೆ ತಿರುಗಿವೆ ಎಂದು ಅವಳೂ ಕೆಳಗಿನ ಸಾಲಿನವರೆಗೆ ಬೆರಳಿನಿಂದ ಸರಿಯಾಗಿ ತೋರಿಸಿದಳು.

"ಏ ಆಯಿ, ಹರೇದಾಕಿ ಆಗೀದಿ ನೋಡ," ಎಂದು ಸಾಲಿನಲ್ಲಿದ್ದವನೊಬ್ಬ ನಕ್ಕ.

"ನಿಂದ ನೋಡ್ಕೋ ಹೋಗ, ಮುಚ್ಚ ಬಾಯಿ," ಎಂದಳು ಅಜ್ಜಿ.

ಡಾಕ್ಟರು ಮಾತ್ರ ನಗಲಿಲ್ಲ. ಗೋಡೆಯ ಮೇಲೆ ಸ್ಕೇಲ್ ಇಟ್ಟು ನೋಡಿದರು. ಒಂದು ಇಂಚು ಇರಬೇಕಾದ ಅಕ್ಷರ ಒಂದೂವರೆ ಇಂಚು ದಾಟಿತ್ತು. ಬೆಳಗಿನ ತಪಾಸಣೆಯೆಲ್ಲ ವ್ಯರ್ಥವಾಗಿತ್ತು. ಅವರನ್ನೆಲ್ಲ ಮತ್ತೆ ಕರೆಸಬೇಕಿತ್ತು.

"ಈ ಲೆನ್ಸ್ ಎಲ್ಲಿಂದ್ರಿ?" ಎಂದರು.

"ಚಾಚಾನ ಕಡೆಯಿಂದ. ನಾ ಸರಿಯಾಗೇ ಹೇಳಿದ್ದೆರಿ, ಮುದುಕ ಬ್ಯಾರೇದ ಕೊಟ್ಟಾನ."

"ಮಷೀನಿಂದ ಹಿಂಗಾದ್ರ, ಮಂದಿ ಕಣ್ಣಿಂದ ಏನ್ ಗತಿ? ಚಷ್ಮಾ ಅವರ ಕಡೆ ಬ್ಯಾಡ."

ನಾನು ಕೊಳವೆಯಿಂದ ಲೆನ್ಸ್ ಬಿಚ್ಚತೊಡಗಿದೆ.

ಸಂಜೆ ಬಸ್ಸಿನಲ್ಲಿ ಜೇಬಿನಿಂದ ಚೀಟಿ ತೆಗೆದು ನೋಡಿದೆ. ಐದರ ಅಂಕಿ, ಅದರ ತಲೆಯ ಮೇಲೆ ಎರಡು ಸಣ್ಣ ಗೀಟು. ಅದು ಇಂಚಿನ ಗುರುತು: ಐದು ಇಂಚು. ಹಳೆಯ ಸಾಣೆಯವರು ಇಂಚನ್ನೇ ನಂಬರ್ ಎನ್ನುತ್ತಿದ್ದರು. ನಾನು ಕಲಿತ ಪದ್ಧತಿಯಲ್ಲಿ ನಂಬರ್ ಏರಿದಷ್ಟೂ ದೂರ ಇಳಿಯುತ್ತದೆ, ಅವರದರಲ್ಲಿ ನಂಬರೇ ದೂರ. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಚೀಟಿಯನ್ನು ಬಸ್ಸಿನಲ್ಲಿಯೇ ಮೊದಲ ಸಲ ಓದಿದೆ ಎಂದು ಬಹಳ ವರ್ಷ ನಂಬಿದ್ದೆ. ಈಚೆಗೆ ಇನ್ನೊಂದು ಚಿತ್ರ ಕಣ್ಣಮುಂದೆ ಬರುತ್ತದೆ: ಶಾಲೆಯ ಕಿಟಕಿಯ ಬಳಿ ನಿಂತು ಕಾಚನ್ನು ಬಿಡಿಸುತ್ತಿದ್ದೇನೆ, ಆ ಎರಡು ಗೀಟು ನನಗೆ ಕಾಣುತ್ತಿವೆ. ಅದು ನಿಜವಾದರೆ ಡಾಕ್ಟರ ಮುಂದೆ ನಾನು ಆಡಿದ್ದು ತಪ್ಪು ತಿಳುವಳಿಕೆಯಲ್ಲ, ಸುಳ್ಳು. ಚೀಟಿಯನ್ನು ಎಲ್ಲೋ ಎಸೆದುಬಿಟ್ಟೆ. ಡಾಕ್ಟರಿಗೂ ಹೇಳಲಿಲ್ಲ. ಇವತ್ತು ನಾಳೆ ಎಂದು ನಾನು ಮುಂದೂಡುತ್ತಿರುವಾಗಲೇ ಅವರು ಬೆಳಗಾವಿ ಬಿಟ್ಟೇ ಹೋದರು.

ಏಳೆಂಟು ವರ್ಷ ಆ ಸಂದಿಗೆ ಕಾಲಿಡದೆ ಸುತ್ತು ಹಾಕಿ ಓಡಾಡಿದೆ. ಕೊನೆಗೊಂದು ಮಧ್ಯಾಹ್ನ ಹೋದೆ. ಚಾಚಾ ಸಾಣೆ ಬಿಟ್ಟಿದ್ದರು. ಮಗ ಕೆಲಸ ಮಾಡುತ್ತಿದ್ದ, ಇವರು ಪಕ್ಕದಲ್ಲಿ ಕುಳಿತು ಫ್ರೇಮು ಒರೆಸುತ್ತಿದ್ದರು.

"ಚಾಚಾ, ಆ ಬೀಡಿ ಶಿಬಿರದ ಕಾಚು... ತಪ್ಪು ನಂದ ಇತ್ತರಿ. ನಾ ಹೇಳಿದ್ದ ಸರಿ ಇರಲಿಲ್ಲ."

ಅವರು ನಕ್ಕರು. "ಇಲ್ರಿ ಸರ. ಕಾಚು ತಪ್ಪಾಗೇತಿ ಅಂತ ಡಾಕ್ಟರ ಸಾಹೇಬ್ರು ಹೇಳಿ ಕಳಿಸಿದ್ರು. ಕೈ ಸುಮಾರಾಗೇತಿ, ಮೊದಲಿನಂಗ ಉಳದಿಲ್ಲ ಅಂತ ಅವತ್ತ ತಿಳೀತು. ಮಂದಿ ಕಣ್ಣಿನ ಕೆಲಸ ನೋಡ್ರಿ. ಅದಕ್ಕ ಬಿಟ್ಟೆ."

"ಖರೇನ ಹೇಳಾಕತ್ತೇನ್ರಿ. ನೀವು ಕೊಟ್ಟಿದ್ದು ಸರಿ ಇತ್ತು."

"ನನ್ನ ಸಮಾಧಾನಕ್ಕ ಇಲ್ಲೀತನಕ ಬಂದ್ರಲ್ಲ, ಅಷ್ಟ ಸಾಕ್ರಿ," ಎಂದು ಮಗನ ಕಡೆ ತಿರುಗಿದರು. "ಸರಗ ಚಾ ಹೇಳೋ. ಭಾಳ ದೊಡ್ಡ ಮನಸ್ಸಿನವ್ರು."

ಇಂಚು, ಡಯಾಪ್ಟರು ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಒಂದು ಮಾತನ್ನೂ ನಂಬಲಿಲ್ಲ.