ಅಜ್ಜಿಯ ಹೆಸರು ಕೇಳಿಕೊಂಡು ಕುವೈತಿಗೆ

ಬೊಂಬಾಯಿಯ ವಿಮಾನ ಕುವೈತಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಆದರೂ ರನ್‌ವೇ ಬದಿಯ ವಾಹನಗಳೆಲ್ಲ ದೀಪ ಹಾಕಿಕೊಂಡು ಓಡುತ್ತಿದ್ದವು. ಇರಾಕಿ ಸೈನ್ಯ ಹೊತ್ತಿಸಿ ಹೋದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದ ೧೯೯೧ರ ಬೇಸಗೆ ಅದು. ಮೆಟ್ಟಿಲಿಳಿದು ಕಟ್ಟಡ ಸೇರುವಷ್ಟರಲ್ಲಿ ನನ್ನ ಬಿಳಿ ಸೀರೆಯ ಮೇಲೆ ಮಸಿಯ ಚುಕ್ಕೆಗಳು ಕೂತಿದ್ದವು. ಹಿಂದಿನ ವರ್ಷ ಇದೇ ಊರಿನಿಂದ ಬಸ್ಸು ಹತ್ತಿ, ಬಾಗ್ದಾದ್ ದಾಟಿ, ಅಮ್ಮಾನ್ ಮೂಲಕ ಜೀವ ಉಳಿಸಿಕೊಂಡು ಬಂದವರು ನಾವು. ಯುದ್ಧ ಮುಗಿದ ಮೇಲೆ ಇವರು, ನನ್ನ ಗಂಡ, ಶುವೈಖ್‌ನ ಮೋಟಾರು ಬಿಡಿಭಾಗಗಳ ಅಂಗಡಿಯ ಕೆಲಸಕ್ಕೆ ಮರಳಿದ್ದರು. ನಾನು ಗಂಡನನ್ನು ನೋಡಲು ಹೋಗುತ್ತಿದ್ದೇನೆಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಆಗಿರಲಿಲ್ಲ.

ನನ್ನ ಅಮ್ಮ ಹುಟ್ಟಿದ್ದು ಕುವೈತಿನಲ್ಲಿ, ಯಹೂದಿ ಬಟ್ಟೆ ವ್ಯಾಪಾರಿಯೊಬ್ಬನ ಮಗಳಾಗಿ. ಎಣ್ಣೆ ಸಿಗುವುದಕ್ಕೂ ಮೊದಲಿನ ಮಾತು ಅದು. ಬಸ್ರಾ ಕಡೆಯಿಂದ ಬಂದ ಕೆಲವು ಯಹೂದಿ ಕುಟುಂಬಗಳು ಆಗ ಅಲ್ಲಿದ್ದವು. ಹೆತ್ತವಳು ಬಾಣಂತಿಯಾಗಿದ್ದಾಗಲೇ ತೀರಿಕೊಂಡಳಂತೆ. ಮಗುವಿಗೆ ನಡಿಗೆ ಬಂದ ಮೇಲೆ ತಂದೆ ಹಡಗಿನಲ್ಲಿ ಬೊಂಬಾಯಿಗೆ ಕರೆತಂದು, ಬೈಕುಲ್ಲಾದಲ್ಲಿದ್ದ ತನ್ನ ಅಕ್ಕನ ಕೈಗೆ ಒಪ್ಪಿಸಿದ. ಕೆಲವು ವರ್ಷಗಳಲ್ಲಿ ತಾನೂ ಸತ್ತ. ನಯೀಮಾ ಎಂಬ ಆ ಹುಡುಗಿ ಬೆಳೆದು, ನಾಲ್ಕು ಬೀದಿ ಆಚೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನನ್ನ ತಂದೆಯನ್ನು ರಿಜಿಸ್ಟರ್ ಮದುವೆಯಾದಳು. ಸೋದರತ್ತೆ ಅವಳಿಗೆ ಬಾಗಿಲು ಮುಚ್ಚಿದಳು. ನಮ್ಮ ಮನೆಯಲ್ಲಿ ಅವಳು ನೀಲಾ ಆದಳು. ನಾವು ಮಕ್ಕಳು ತುಳು ಮಾತಾಡುತ್ತಾ, ನಾಗನಿಗೆ ಹಾಲೆರೆಯುತ್ತಾ ಬೆಳೆದೆವು.

ಅಪ್ಪ ಹೋದ ಮೇಲೆ, ಎಪ್ಪತ್ತು ದಾಟಿದ ಅಮ್ಮ ಮೊದಲ ಸಲ ನಮ್ಮಲ್ಲಿ ಒಂದು ಆಸೆ ಹೇಳಿಕೊಂಡರು. ತಮ್ಮನ್ನು ಸುಡಬಾರದು, ಬೊಂಬಾಯಿಯ ಯಹೂದಿ ಸ್ಮಶಾನದಲ್ಲಿ ತಮ್ಮ ತಂದೆಯ ಗೋರಿಯ ಹತ್ತಿರ ಮಣ್ಣು ಮಾಡಬೇಕು. ನಾನು ಅಲ್ಲಿನ ಪ್ರಾರ್ಥನಾಮಂದಿರದ ಕಾರ್ಯದರ್ಶಿಯನ್ನು ಕಂಡೆ. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ಕಷ್ಟವನ್ನು ಹೇಳಿದರು. ಯಹೂದಿಗಳಲ್ಲಿ ಕುಲ ಬರುವುದು ತಾಯಿಯಿಂದ. ತಂದೆಯ ಗೋರಿ ಇದ್ದರೆ ಸಾಲದು, ಹೆತ್ತ ತಾಯಿ ಯಾರೆಂದು ತಿಳಿಯಬೇಕು. ಕಾಗದವಿಲ್ಲದಿದ್ದರೆ, ಆ ಕುಟುಂಬವನ್ನು ಬಲ್ಲ ಇಬ್ಬರು ಹೇಳಿದರೂ ಟ್ರಸ್ಟಿಗಳ ಮುಂದೆ ಇಡುತ್ತೇನೆ ಎಂದರು. ಆದರೆ ಅಮ್ಮನಿಗೆ ತನ್ನ ತಾಯಿಯ ಹೆಸರೇ ಗೊತ್ತಿರಲಿಲ್ಲ. ಸಾಕಿದ ಸೋದರತ್ತೆ ಒಮ್ಮೆಯೂ ಹೇಳಿರಲಿಲ್ಲ.

ಕಾರ್ಯದರ್ಶಿ ಕೊಟ್ಟ ವಿಳಾಸ ಹಿಡಿದು ಲಂಡನ್ನಿನ ಒಂದು ಯಹೂದಿ ವಂಶಾವಳಿ ಸಂಘಕ್ಕೆ ಬರೆದೆ. ಕುವೈತಿನದು ತಮ್ಮಲ್ಲಿ ಏನೂ ಇಲ್ಲ, ಬಸ್ರಾದಲ್ಲಿ ಇದ್ದೀತು, ಸದ್ಯ ಅಲ್ಲಿಗೆ ಹೋಗುವಂತಿಲ್ಲ ಎಂಬ ಉತ್ತರ ಬಂತು. ಕುವೈತಿನ ಹಳೆಯ ಕಚೇರಿಗಳಲ್ಲಿ, ಹಳೆಯ ಮನೆತನಗಳಲ್ಲಿ ವಿಚಾರಿಸಿ ನೋಡಿ ಎಂದೂ ಬರೆದಿದ್ದರು. ಅಷ್ಟು ಸಾಕಿತ್ತು. ಟಿಕೆಟ್ ತೆಗೆಸಿದೆ.

ಖೈತಾನ್‌ನ ನಮ್ಮ ಹಳೆಯ ಫ್ಲ್ಯಾಟಿನ ಕಿಟಕಿಗಳಿಗೆ ಗಾಜಿನ ಬದಲು ಪ್ಲೈವುಡ್ ಹೊಡೆದಿತ್ತು. ಅನ್ನ, ಸಾರು ಬಡಿಸಿಕೊಂಡು ಕೂತಾಗ ನಾನು ಬಂದ ಕಾರಣ ಹೇಳಿದೆ. ಇವರ ತುತ್ತು ಕೈಯಲ್ಲೇ ನಿಂತಿತು.

"ಈ ಊರಿನಲ್ಲಿ ಈಗ ಯಾರನ್ನೂ ಯಾರೂ ನಂಬುವುದಿಲ್ಲ ಮಾರಾಯ್ತಿ. ದಿನಾ ಜನರನ್ನು ಗಡಿ ದಾಟಿಸ್ತಾ ಇದ್ದಾರೆ. ನೀನು ಯಹೂದಿ ಅಂತ ಬಾಯಿ ಬಿಟ್ಟರೆ ನನ್ನ ಇಕಾಮಾ ಉಳೀತದಾ?"

ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಆ ವಾಸದ ಪರವಾನಗಿ ಹೋದರೆ ನಮ್ಮಿಬ್ಬರು ಮಕ್ಕಳ ಓದೂ ನಿಲ್ಲುತ್ತಿತ್ತು. ನಿಮ್ಮ ಹೆಸರು ಎತ್ತದೆ ಕೇಳುತ್ತೇನೆ ಎಂದೆ. ಅವರು ಊಟ ಮುಗಿಸಿ, ಕೈ ತೊಳೆದು ಮಲಗಿದರು.

ಮರುದಿನ ಟ್ಯಾಕ್ಸಿ ಹಿಡಿದು ವಸ್ತುಸಂಗ್ರಹಾಲಯಕ್ಕೆ ಹೋದೆ. ಟ್ಯಾಕ್ಸಿಯವನು ಯುದ್ಧಕ್ಕೆ ಮುಂಚಿನ ಬಾಡಿಗೆಯ ಎರಡರಷ್ಟು ಕೇಳಿದ. ಕಟ್ಟಡದ ಗೋಡೆಗಳು ಸುಟ್ಟು ಕಪ್ಪಾಗಿದ್ದವು, ಒಳಗೆ ಬಿಡಲಿಲ್ಲ. ಅಲ್ಲಿಂದ ಹಳೆಯ ಪೇಟೆಯ ಬದಿಯ ಒಂದು ಸರಕಾರಿ ಕಚೇರಿಗೆ ನಡೆದೆ. ಬಿಸಿಲು ಕಾಣದಿದ್ದರೂ ಸೆಕೆ ಕುತ್ತಿಗೆ ಹಿಸುಕುತ್ತಿತ್ತು. ಅಲ್ಲಿದ್ದ ಈಜಿಪ್ಟಿನ ಗುಮಾಸ್ತ ಹಳೆಯ ಫೈಲುಗಳ ಕೋಣೆಯನ್ನು ತೆರೆದೇ ತೋರಿಸಿದ. ಕಬ್ಬಿಣದ ಕಪಾಟುಗಳು ಅಡ್ಡ ಬಿದ್ದಿದ್ದವು, ಒಂದು ಹಾಳೆಯೂ ಇರಲಿಲ್ಲ. ಯಾವ ಕಾಲದ ದಾಖಲೆ ಬೇಕಿತ್ತು ಎಂದು ಕೇಳಿದ. ಹೇಳಿದೆ. ಇದ್ದಾಗಲೂ ಅಷ್ಟು ಹಿಂದಿನದು ಇರಲಿಲ್ಲ ತಾಯಿ, ಎಂದು ಕುಡಿಯಲು ನೀರು ಕೊಟ್ಟ.

ಹಾಗಾದರೆ ಉಳಿದದ್ದು ಹಳೆಯ ಮನೆತನಗಳು. ನನಗೆ ಗೊತ್ತಿದ್ದ ಹಳೆಯ ಮನೆತನ ಒಂದೇ, ನನ್ನ ಗಂಡನ ಕಫೀಲ್‌ನದು, ಅಂದರೆ ಅವರಿಗೆ ವೀಸಾ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡ ಧಣಿಯದು. ಕೊಟ್ಟ ಮಾತನ್ನು ಮುರಿಯುವುದು ಬೇಡವೆಂದು ಇವರಿಗೇ ಮೊದಲು ಹೇಳಿದೆ. ಇವರು, "ಕೇಳುವುದಾದರೆ ನನ್ನ ಎದುರೇ ಕೇಳು" ಎಂದರು.

ಶುವೈಖ್‌ನ ಅಂಗಡಿಯಲ್ಲಿ ಕಫೀಲ್ ನನಗೆ ಏಲಕ್ಕಿ ಕಾಫಿ ಕೊಡಿಸಿದರು. ನಾನು ಹಿಂದೆ ಕಲಿಸುತ್ತಿದ್ದ ಇಂಡಿಯನ್ ಶಾಲೆ ಯಾವಾಗ ತೆರೆಯುತ್ತದೆಂದು ಕೇಳಿದರು. ಅಮ್ಮನ ಕಥೆ ಅರ್ಧಕ್ಕೆ ಬಂದಾಗ ಅವರ ಕೈಯ ಜಪಮಣಿ ನಿಂತಿತು. ಅದೆಲ್ಲ ಹಳೆಯ ಸಂಗತಿ, ಖಲಾಸ್, ಎಂದು ಎದ್ದುಬಿಟ್ಟರು. ವಾಪಸು ಬಂದವರೇ ಇವರು ಇಕಾಮಾದ ಅವಧಿ ಯಾವಾಗ ಮುಗಿಯುತ್ತದೆಂದು ತೆಗೆದು ನೋಡಿದರು. ಬಯ್ದಿದ್ದರೇ ಚೆನ್ನಾಗಿತ್ತು.

ಎರಡು ದಿನ ಕಫೀಲ್‌ನ ಕಡೆಯಿಂದ ಯಾವ ಸುದ್ದಿಯೂ ಇಲ್ಲ. ಆಮೇಲೊಂದು ಸಂಜೆ ಕಫೀಲ್‌ನ ಡ್ರೈವರ್ ಬಂದು, ಅವರ ತಾಯಿ ನನ್ನನ್ನು ನೋಡಬೇಕಂತೆ ಎಂದ.

ಉಮ್ಮ್ ಖಾಲಿದ್, ಅಂದರೆ ಖಾಲಿದನ ತಾಯಿ, ಎಂದು ಅವರನ್ನು ಕರೆಯುತ್ತಿದ್ದರು. ಎಂಬತ್ತರ ಹತ್ತಿರದ ಹೆಂಗಸು, ದಿಂಬಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಹೆಂಗಸರ ಆ ಕೋಣೆಯಲ್ಲಿ ನಾವಿಬ್ಬರೇ. ಮನೆ ಜಾಗ ಏನಾದರೂ ಕೇಳಲು ಬಂದೆಯಾ ಎಂಬುದೇ ಅವರ ಮೊದಲ ಪ್ರಶ್ನೆ. ನನ್ನ ಮುರುಕು ಅರಬ್ಬಿಯಲ್ಲಿ, ಅಜ್ಜಿಯ ಹೆಸರು ಕೇಳಲು ಬಂದೆ, ಬೇರೇನೂ ಬೇಡ ಎಂದೆ. ಅವರು ದಿಂಬು ಸರಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ಸಮುದ್ರದ ಬದಿಯ ಅವರ ಹಳೆಯ ಕೇರಿಯಲ್ಲಿ ಯಹೂದಿ ಬಟ್ಟೆ ವ್ಯಾಪಾರಿಯೊಬ್ಬ ಇದ್ದ. ಹೆಂಡತಿ ಹೆರಿಗೆಯಾಗಿ ಸತ್ತಾಗ ಕೂಸು ಹಸಿವಿನಿಂದ ಅಳುತ್ತಿತ್ತು. ಹಡಗಿನ ನಾಯಕನೊಬ್ಬನ ಹೆಂಡತಿಗೆ ಆಗ ಎದೆಹಾಲು ಕುಡಿಯುವ ಗಂಡು ಮಗು ಇತ್ತು. ಅವಳು ಎರಡೂ ಕೂಸುಗಳಿಗೆ ಹಾಲು ಕೊಟ್ಟಳು. ಉಮ್ಮ್ ಖಾಲಿದ್ ಆಗ ಪುಟ್ಟ ಹುಡುಗಿ, ತೊಟ್ಟಿಲು ತೂಗಿದವರು.

"ನಮ್ಮಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಅವರಿಗೆ ಮದುವೆ ಆಗಬಾರದು. ಅದಕ್ಕೇ ಯಾರು ಯಾರ ಹಾಲು ಕುಡಿದರೆಂದು ನಾವು ಹೆಂಗಸರು ಮರೆಯುವುದಿಲ್ಲ. ಆ ಹುಡುಗ ಈಗಲೂ ಇದ್ದಾನೆ, ಫಿಂಟಾಸ್‌ನಲ್ಲಿ."

ಅಜ್ಜಿಯ ಹೆಸರನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ಹೇಳಬೇಕಾದವನು ಅವನು ಎಂದರು. ಆ ಬಟ್ಟೆ ವ್ಯಾಪಾರಿಯ ಮನೆಯ ವಿಷಯ ಕೇಳಲು ಬೊಂಬಾಯಿಯಿಂದ ಒಬ್ಬಳು ಬರುತ್ತಾಳೆ ಎಂದಷ್ಟೇ ಅವನಿಗೆ ಡ್ರೈವರ್ ಕೈಲಿ ಹೇಳಿ ಕಳಿಸಿದರು.

ಶುಕ್ರವಾರ ರಜೆ. ಇವರೇ ಕಾರು ಕೇಳಿ ತಂದು ನನ್ನನ್ನು ಫಿಂಟಾಸ್‌ಗೆ ಕರೆದುಕೊಂಡು ಹೋದರು. ದಕ್ಷಿಣಕ್ಕೆ ಹೋದ ಹಾಗೆ ಹೊಗೆ ದಟ್ಟವಾಯಿತು. ವೈಪರ್ ಹಾಕಿದರೆ ಗಾಜಿನ ಮೇಲೆ ಎಣ್ಣೆ ಬಳಿದ ಹಾಗಾಗುತ್ತಿತ್ತು. ಸಮುದ್ರತೀರಕ್ಕೆ ಮುಳ್ಳುತಂತಿ ಎಳೆದು, ನೆಲಬಾಂಬಿನ ಎಚ್ಚರಿಕೆಯ ಫಲಕ ನೆಟ್ಟಿದ್ದರು.

ಅಮ್ಮನ ಜೊತೆ ಹಾಲು ಕುಡಿದ ಆ ಹುಡುಗ, ಈಗಿನ ಬೂ ನಾಸಿರ್, ಬಾಗಿಲಲ್ಲೇ ಕಾಯುತ್ತಿದ್ದರು. ಎತ್ತರದ ಆಳು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಪ್ರಾಯದಲ್ಲಿ ಮುತ್ತು ಮಾರಲು ಬೊಂಬಾಯಿಗೆ ಹೋಗಿ ಬಂದವರಾದ್ದರಿಂದ ಅಪ್ಪಟ ಬೊಂಬಾಯಿ ಹಿಂದಿಯಲ್ಲಿ "ಆವೋ ಬೇಟಿ, ಬೈಠೋ" ಎಂದರು. ಖರ್ಜೂರದ ತಟ್ಟೆ ಮುಂದಿಟ್ಟು ತಾವಾಗಿಯೇ ಮಾತಿಗಿಳಿದರು. ಅವರು ಮೊದಲ ಸಲ ಬೊಂಬಾಯಿಗೆ ಹೊರಟಾಗ ತಾಯಿ ಕೈ ಹಿಡಿದು, ಅಲ್ಲಿ ನಿನ್ನ ತಂಗಿ ಇದ್ದಾಳೆ, ನೋಡಿಕೊಂಡು ಬಾ ಎಂದಿದ್ದಳಂತೆ. ಬೂ ನಾಸಿರ್ ಬೈಕುಲ್ಲಾದ ಬೀದಿ ಬೀದಿ ಕೇಳಿ, ಕೊನೆಗೆ ಆ ಮನೆ ಹುಡುಕಿದರು. ಬಾಗಿಲು ತೆಗೆದ ಹೆಂಗಸು, ನಯೀಮಾ ಸತ್ತು ಹೋದಳು ಎಂದು ಹೇಳಿ ಬಾಗಿಲು ಹಾಕಿಕೊಂಡಳು.

"ಊರಿಗೆ ಬಂದು ಅಮ್ಮನಿಗೆ ಅದನ್ನೇ ಹೇಳಿದೆ. ಅಮ್ಮ ಮೂರು ದಿನ ಸೂತಕ ಹಿಡಿದಳು."

ಸೋದರತ್ತೆ ಬಾಗಿಲು ಮುಚ್ಚಿದ್ದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಆ ಹೊತ್ತಿಗೆ ಅಮ್ಮ ನಾಲ್ಕು ಬೀದಿ ಆಚೆ, ಹೋಟೆಲಿನ ಮೇಲಿನ ಕೋಣೆಯಲ್ಲಿ ಸಂಸಾರ ಮಾಡಿಕೊಂಡಿದ್ದಿರಬೇಕು.

"ಅವರು ಬದುಕಿದ್ದಾರೆ," ಎಂದೆ. "ಬೊಂಬಾಯಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ನಾನು ಅವರ ಮಗಳು."

ಬೂ ನಾಸಿರ್ ತಲೆಯ ಬಟ್ಟೆಯ ತುದಿಯಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು. ಇವರು ಎದ್ದು ಹೋಗಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟರು. ಬೂ ನಾಸಿರ್ ಮುಖ ಒರೆಸಿಕೊಂಡು, ನಾನು ಕೇಳದೆಯೇ ಹೇಳಿದರು:

"ನಿನ್ನ ಅಜ್ಜಿಯ ಹೆಸರು ತುಫ್ಫಾಹಾ. ಬಸ್ರಾದ ಸಾಲ್ಹಾಳ ಮಗಳು. ತಾಯಿ ಮಗಳು ಇಬ್ಬರೂ ಯಹೂದಿಗಳು. ಶನಿವಾರ ಅವರ ಧರ್ಮದವರು ಬೆಂಕಿ ಹೊತ್ತಿಸುವಂತಿಲ್ಲ, ಅವರ ಮನೆಯ ಒಲೆ ಹೊತ್ತಿಸಿಕೊಡಲು ನನ್ನಮ್ಮ ಹೋಗುತ್ತಿದ್ದಳು."

ತುಫ್ಫಾಹಾ ಎಂದರೆ ಸೇಬು. ಅಷ್ಟು ಅರಬ್ಬಿ ನನಗೂ ಗೊತ್ತಿತ್ತು.

ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಇವರೇ ಬರೆದರು. ಬೂ ನಾಸಿರ್ ಓದಿಸಿಕೊಂಡು ರುಜು ಹಾಕಿದರು. ಮುಸಲ್ಮಾನನ ಮಾತು ಅಲ್ಲಿ ನಡೆಯುತ್ತದಾ ಎಂದು ಒಮ್ಮೆ ಕೇಳಿದರು. ಗೊತ್ತಿಲ್ಲ, ನಡೆಯುವ ತನಕ ಕೇಳುತ್ತೇನೆ ಎಂದೆ. ಮರುದಿನ ಕಫೀಲ್ ತಮ್ಮ ತಾಯಿಯ ಹೇಳಿಕೆಯನ್ನೂ ಹೆಬ್ಬೆಟ್ಟು ಒತ್ತಿಸಿ ತಂದು ಅಂಗಡಿಯಲ್ಲಿ ಇವರ ಮೇಜಿನ ಮೇಲಿಟ್ಟರು. ಇಟ್ಟವರೇ, ಗೋದಾಮಿಗೆ ಮಾಲು ಬಂತೇ ಎಂದು ಇವರನ್ನು ವಿಚಾರಿಸಿದರು.

ಬೊಂಬಾಯಿಗೆ ಇಳಿದಾಗ ಮಳೆ ಸುರಿಯುತ್ತಿತ್ತು. ಸೀದಾ ಕಾರ್ಯದರ್ಶಿಯ ಹತ್ತಿರ ಹೋದೆ. ಟ್ರಸ್ಟಿಗಳು ಮೊದಲ ಸಭೆಯಲ್ಲಿ ಒಪ್ಪಲಿಲ್ಲ. ನಾನು ಅವರ ಮನೆಗಳಿಗೇ ಹೋಗಿ ಒಬ್ಬೊಬ್ಬರಿಗೂ ಫಿಂಟಾಸ್‌ನಲ್ಲಿ ಕೇಳಿದ್ದನ್ನು ಹೇಳಿದೆ. ಎರಡನೆಯ ಸಭೆಯಲ್ಲಿ ಒಪ್ಪಿದರು.

ಅಮ್ಮನಿಗೆ ಆ ಸುದ್ದಿ ಹೇಳಿದಾಗ ತಲೆಯಾಡಿಸಿದರು, ಅಷ್ಟೆ. ತಾಯಿಯ ಹೆಸರನ್ನು ಅವರು ಆಗಲೇ ದಿನಕ್ಕೆಷ್ಟು ಸಲವೋ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಈಗ ಅವರಿಗೆ ಬೇಕಾಗಿದ್ದುದು ಫೋನು. ಫಿಂಟಾಸ್‌ನ ಲೈನು ದುರಸ್ತಿಯಾದ ವಾರ ನನ್ನ ತಮ್ಮ ಕರೆ ಹಚ್ಚಿಕೊಟ್ಟ. ಸೋದರತ್ತೆಯ ಮನೆಯಲ್ಲಿ ಆಡುತ್ತಿದ್ದ ಅರಬ್ಬಿಯನ್ನು ಅಮ್ಮ ಆಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಅಣ್ಣನನ್ನು ಕರೆಯುವ ಶಬ್ದದಲ್ಲಿ "ಖೂಯಾ" ಎಂದರು. ಮತ್ತೆ ಕರೆದರು. ಆಮೇಲೆ ಇಬ್ಬರಿಗೂ ಮಾತು ಹರಿಯಿತು. ಅಮ್ಮ ಒಮ್ಮೆ ಅತ್ತರು, ಒಮ್ಮೆ ಗಟ್ಟಿಯಾಗಿ ನಕ್ಕರು. ನನ್ನ ತಮ್ಮ ಗಡಿಯಾರ ತೋರಿಸಿ ಸಾಕೆಂದು ಸನ್ನೆ ಮಾಡಿದಾಗ, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತು ಮಾತು ಮುಂದುವರಿಸಿದರು.