ಹಿಮ್ಮಡಿಯ ಸುಣ್ಣ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದವನು ದಾರಿಯಲ್ಲೇ ನಿಂತುಬಿಟ್ಟೆ. ಮಂಡ್ಯದ ನಮ್ಮ ಬಡಾವಣೆಯ ಮೈದಾನದಲ್ಲಿ ಹುಡುಗರು ವಾಲಿಬಾಲ್ ಆಡಲು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಒದ್ದೆ ಮಣ್ಣಿಗೆ ಸುಣ್ಣ ಬಿದ್ದು ಎದ್ದ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲಿನ ಹಿಮ್ಮಡಿ ಚುರುಗುಟ್ಟಿತು. ನಂಬುವವರು ನಂಬಲಿ. ಐವತ್ತು ವರ್ಷ ಆಗುತ್ತ ಬಂದರೂ ಆ ಕಾಲು ಮರೆತಿಲ್ಲ...

ಮದ್ದೂರಿನಲ್ಲಿ ನಮಗೊಬ್ಬರು ಡ್ರಿಲ್ ಮೇಷ್ಟ್ರಿದ್ದರು. ಸಣಕಲು ಮೈ, ಕರಿ ದಾರದಲ್ಲಿ ಕಟ್ಟಿದ ವಿಷಲ್ಲು, ಇಸ್ತ್ರಿ ಕಾಣದ ಬಿಳಿ ಪ್ಯಾಂಟು. ಕಬಡ್ಡಿ ಅಂಕಣದ ಗೆರೆಯನ್ನು ಅವರೇ ಎಳೆಯಬೇಕು, ಇನ್ನೊಬ್ಬರನ್ನು ಮುಟ್ಟಗೊಡುತ್ತಿರಲಿಲ್ಲ. ಹಾಲಿನ ಪುಡಿಯ ಡಬ್ಬಿಯ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಸುಣ್ಣ ತುಂಬಿ, ಅದನ್ನು ತಟ್ಟುತ್ತ ತಟ್ಟುತ್ತ ಹಿಂದಕ್ಕೆ ನಡೆಯುತ್ತಿದ್ದರು. ಹಿಂದಕ್ಕೆ ನಡೆದರೂ ಅವರ ಗೆರೆ ಒಂದಿಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಓದು ಮುಗಿಸಿ ಪಕ್ಕದ ಕೊಪ್ಪದಲ್ಲಿ ಗದ್ದೆ ಉಳುತ್ತಿದ್ದ ನನ್ನಂಥವರನ್ನೂ ಅವರು ಸಂಜೆ ಕರೆಸಿ ಆಡಿಸುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ವರ್ಷಕ್ಕೊಮ್ಮೆ ಜಿಲ್ಲೆಯ ಫೈನಲ್ ನಡೆಯುತ್ತಿತ್ತು. ನಮ್ಮ ಕಡೆಯಿಂದ ಒಂದೇ ತಂಡ ಬರಲಿ ಎಂದು ಅಲ್ಲಿನವರು ಹೇಳಿದ್ದರಿಂದ ಮದ್ದೂರು, ಮಳವಳ್ಳಿ ಎರಡೂ ಮೊದಲು ತಮ್ಮತಮ್ಮಲ್ಲೇ ಆಡಿ ತೀರ್ಮಾನ ಮಾಡಿಕೊಳ್ಳಬೇಕಾಗಿತ್ತು. ಗೆದ್ದವರು ಮಂಡ್ಯಕ್ಕೆ, ಸೋತವರು ಮನೆಗೆ. ಜನಕ್ಕೆ ಫೈನಲ್ಲಿಗಿಂತ ಈ ಆಟವೇ ಹೆಚ್ಚಾಯಿತು. ಅದರ ಕಟ್ಟುಪಾಡುಗಳನ್ನು ನಮ್ಮ ಮೇಷ್ಟ್ರೂ ಮಳವಳ್ಳಿಯ ಮೇಷ್ಟ್ರೂ ಕೂತು ಮಾಡಿದ್ದು. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಯಾರ ಊರಲ್ಲಿ ಆಟವೋ ಆ ಊರಿನ ಮೇಷ್ಟ್ರೇ ತೀರ್ಪುಗಾರ, ತನ್ನ ಹುಡುಗರ ಮೇಲೆ ಅವನೇ ಹೆಚ್ಚು ಬಿಗಿಯಾಗಿರಬೇಕು. ಗೆರೆಯ ತಕರಾರು ಬಂದರೆ ಆಟಗಾರನನ್ನೇ ಕೇಳಬೇಕು, ಅವನು ಅಂಕಣದ ಮಣ್ಣು ಮುಟ್ಟಿ ಹೇಳಿದ್ದೇ ಕೊನೆ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮುದ್ದೆ ಬಡಿಸಿ, ಆಮೇಲೆ ತಾವು ಉಣ್ಣಬೇಕು.

ಪ್ರತಿ ವರ್ಷದ ಆಟವನ್ನೂ ಮೇಷ್ಟ್ರು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎಲ್ಲಿ ಆಟ, ಯಾರು ಗೆದ್ದರು, ಕೊನೆಗೆ ಷರಾ ಎಂದು ತಮ್ಮದೊಂದು ಮಾತು. ಮಳವಳ್ಳಿಯವರು ಕಬ್ಬಿನ ಲಾರಿಯ ಮೇಲೆ ಕೂತು ಬಂದು, ತಲೆಯಲ್ಲಿ ಸಿಕ್ಕ ಸೋಗೆ ಕಿತ್ತುಕೊಳ್ಳುತ್ತಲೇ ಆಡಿ ಗೆದ್ದ ವರ್ಷ ಅದರಲ್ಲಿತ್ತು. ಮಳೆ ಬಂದು ಆಟ ನಿಂತು, ಮಾರನೇ ದಿನ ಯಾರದೋ ಒಕ್ಕಣೆ ಕಣದಲ್ಲಿ ಮುಗಿದ ವರ್ಷವೂ ಇತ್ತು. ಒಂದು ಸಲ ಮಳವಳ್ಳಿಯ ಒಬ್ಬ ಹುರಿಯಾಳು ಮಣ್ಣು ಮುಟ್ಟಿ "ದಾಟ್ದೆ ಸಾ" ಎಂದು ತಾನೇ ಒಪ್ಪಿಕೊಂಡ. ಅದರಿಂದಲೇ ಅವರು ಸೋತರು. ಆ ಷರಾವನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓದಿ ಹೇಳಿದ್ದರು.

ಎರಡು ವರ್ಷ ಕಳೆದು ಮತ್ತೆ ಮದ್ದೂರಿನ ಸರದಿ ಬಂದಾಗ ಆ ಹುರಿಯಾಳೇ ಮಳವಳ್ಳಿಯ ನಾಯಕನಾಗಿದ್ದ. ನನಗೆ ಇಪ್ಪತ್ತೆರಡು. ಮಂಡ್ಯದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದರೆ ಸರ್ಕಾರಿ ಕೆಲಸ ಸಿಗುತ್ತದೆ ಎಂಬ ಮಾತಿತ್ತು. ಗದ್ದೆಯ ಕೆಸರಿನಿಂದ ಕಾಲು ಎತ್ತಿದರೆ ಸಾಕು ಎನ್ನುವಷ್ಟು ಆಸೆ ನನಗೆ. ಆ ದಿನ ಎರಡೂ ಕಡೆ ಪಾಯಿಂಟು ಸಮ. ಕೊನೆಯ ದಾಳಿ ನನ್ನದು. ಅವರ ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಇನ್ನೊಬ್ಬ ನನ್ನ ಕಾಲಿಗೆ ಹಾರಿದ. ತಪ್ಪಿಸಿಕೊಳ್ಳಲು ಬಲಕ್ಕೆ ವಾಲಿದೆ. ಹಿಮ್ಮಡಿ ಅಂಚಿನ ಗೆರೆ ದಾಟಿ ಆಚೆ ಊರಿತು. ಸುಣ್ಣ ಮೆತ್ತಗೆ ತಾಗಿದ್ದು ಈಗಲೂ ಗೊತ್ತಾಗುತ್ತದೆ. ಮರುಕ್ಷಣ ನಡುಗೆರೆ ಮುಟ್ಟಿದ್ದೆ.

"ಗೆರೆ ದಾಟ್ದ, ಔಟು!" ಎಂದು ಅವರ ನಾಯಕ ಕೂಗಿದ. ಜನ ಅಂಚಿನವರೆಗೂ ನುಗ್ಗಿದ್ದರು, ಧೂಳು ಎದ್ದಿತ್ತು. ಬೇರೆ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಮೇಷ್ಟ್ರು ಬಂದು ನನ್ನೆದುರು ನಿಂತರು.

"ಗೆರೆ ದಾಟಿದ್ಯೇನಪ್ಪ? ಮಣ್ಣು ಮುಟ್ಟಿ ಹೇಳು."

ಬಗ್ಗಿದೆ. ಬಗ್ಗುವ ನೆಪದಲ್ಲಿ ಹಿಮ್ಮಡಿಯನ್ನು ಮಣ್ಣಿಗೆ ಚೆನ್ನಾಗಿ ಉಜ್ಜಿದೆ. ಬೆರಳಲ್ಲಿ ಮಣ್ಣು ಮುಟ್ಟಿ, "ಇಲ್ಲ ಸಾ" ಎಂದೆ.

ಅವರು ವಿಷಲ್ಲು ಊದಿ, ಕೈಯನ್ನು ಮದ್ದೂರಿನ ಕಡೆಗೆ ಎತ್ತಿದರು.

"ನಾನು ಆವತ್ತು ಒಪ್ಕಳ್ನಿಲ್ವೇನ್ಲಾ? ನಿಂಗೇನ್ಲಾ ಬಂದಿರೋದು?" ಎಂದ ಮಳವಳ್ಳಿಯ ನಾಯಕ. ಅವನು ಮೇಷ್ಟ್ರ ಕಡೆ ತಿರುಗಿದ. "ಬುಡಿ ಮೇಷ್ಟ್ರೇ. ನಿಮ್ಮೂರ್ ಐಕ್ಳು ಅಂತ ನೀವೂ ಕಣ್ ಮುಚ್ಕಂಡ್ರಿ."

ಇಡೀ ತಾಲ್ಲೂಕು ಕೇಳುವಂತೆ ಅವನು ಅಂದ ಮೇಲೆ ಮೇಷ್ಟ್ರು ವಿಷಲ್ಲನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಮಳವಳ್ಳಿಯವರು ಉಣ್ಣದೆ ಬಸ್ಸು ಹತ್ತಿದರು. ಬಡಿಸಿಕೊಳ್ಳಲು ಯಾರೂ ಇಲ್ಲದೆ ಮುದ್ದೆ ಆರಿ ಕಲ್ಲಾಯಿತು. ನಮ್ಮವರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ನಾನೂ ನಾಚಿಕೆಗೆಟ್ಟು ಹಲ್ಲುಕಿರಿದೆ.

ಜನ ಕರಗಿದ ಮೇಲೆ ನಲ್ಲಿಯ ಹತ್ತಿರ ಕೂತಿದ್ದೆ. ಮೇಷ್ಟ್ರು ಒಂದು ಚೊಂಬು ನೀರು ಹಿಡಿದು ಬಂದು ನನ್ನ ಬಲಗಾಲಿನ ಹತ್ತಿರ ಇಟ್ಟರು. ಉಜ್ಜಿದ್ದರೂ ಬಿರುಕುಗಳ ಒಳಗೆ ಬಿಳಿ ಉಳಿದಿತ್ತು.

"ತೊಳ್ಕೊ. ಬಿರುಕಿಗೆ ಸುಣ್ಣ ಕುಂತ್ರೆ ಉರೀತದೆ ಕಣ್ಲಾ" ಎಂದು ಹೇಳಿ, ಡಬ್ಬಿ ತೆಗೆದುಕೊಂಡು ಹೊರಟುಹೋದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎರಡು ಬಿಗಿದಿದ್ದರೂ ಸರಿಯೇ. ಅವರು ಕಾಲು ತೊಳೆಯಲು ಹೇಳಿದರು...

ಮಂಡ್ಯದಲ್ಲಿ ನಾವು ಹೀನಾಯವಾಗಿ ಸೋತೆವು. ಆದರೂ ಸರ್ಟಿಫಿಕೇಟ್ ಸಿಕ್ಕಿತು, ಅದನ್ನು ತೋರಿಸಿ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಮುಂದಿನ ವರ್ಷ ನಮ್ಮವರು ಮಳವಳ್ಳಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಅದರ ಮುಂದಿನ ವರ್ಷ ಎರಡೂ ತಂಡ ನೇರವಾಗಿ ಮಂಡ್ಯಕ್ಕೇ ಬರಲಿ ಎಂದು ಅಲ್ಲಿನವರು ಹೇಳಿದರು. ಅಲ್ಲಿಗೆ ಆ ಆಟದ ಕಥೆ ಮುಗಿಯಿತು. ಮೇಷ್ಟ್ರು ಮತ್ತೆ ಎಂದೂ ತೀರ್ಪುಗಾರರಾಗಲಿಲ್ಲ. ಸ್ಕೂಲಿನ ಮಕ್ಕಳಿಗೆ ಗೆರೆ ಎಳೆದುಕೊಟ್ಟು ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಊರಿಗೆ ಹೋದಾಗಲೆಲ್ಲ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಹೇಳಿದರೆ ಕೆಲಸ ಹೋದೀತೆಂಬ ಭಯ ಮೊದಲು. ಕೆಲಸ ಕಾಯಂ ಆದ ಮೇಲೆ ಬರೀ ಹೇಡಿತನ. ಅವರ ಕಣ್ಣಿಗೆ ಬೀಳದಂತೆ ಪಕ್ಕದ ರಸ್ತೆಯಲ್ಲಿ ಹೋದವನು ನಾನು.

ಅವರು ತೀರಿಕೊಂಡ ಸುದ್ದಿ ಒಂದು ತಿಂಗಳು ತಡವಾಗಿ ಗೊತ್ತಾಯಿತು. ಹೋದಾಗ ಅವರ ಹೆಂಡತಿ ಮೇಷ್ಟ್ರಮ್ಮ ಕಾಫಿ ಕೊಟ್ಟು, ಒಳಗಿನಿಂದ ಆ ಉದ್ದನೆಯ ಪುಸ್ತಕ ತಂದರು. "ನೀನೂ ಆಡ್ದೋನಲ್ವಾ, ನಿನ್ನತ್ರ ಇರ್ಲಿ" ಎಂದರು. ಕೊನೆಯ ಆಟದ ಪುಟ ತೆಗೆದೆ. ಊರು ಬರೆದಿದ್ದರು. ಗೆದ್ದವರು ಯಾರು ಎಂಬ ಜಾಗ ಖಾಲಿ. ಷರಾ ಖಾಲಿ.

"ನಾನೂ ಕೇಳ್ದೆ ಕಣಪ್ಪ, ಯಾಕಿಂಗ್ ಬುಟ್ಟಿದ್ದೀರಿ ಅಂತ. ಬರೀಬೇಕಾದೋನು ಬತ್ತಾನೆ ಬುಡು, ಅಂತಿದ್ರು."

ಅವರಿಗೂ ಹೇಳಲಿಲ್ಲ ನಾನು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಅದಾಗಿ ಎಷ್ಟೋ ವರ್ಷ ಅದು ಬೀರುವಿನಲ್ಲಿ ಪಿಂಚಣಿ ಕಾಗದಗಳ ಕೆಳಗೆ ಬಿದ್ದಿತ್ತು.

ಮೊನ್ನೆ ಹಾಲು ಹಿಡಿದು ಮನೆಗೆ ಬಂದವನು ಅದನ್ನು ಹೊರಗೆ ತೆಗೆದೆ. ಗೆದ್ದವರ ಜಾಗದಲ್ಲಿ 'ಮಳವಳ್ಳಿ' ಎಂದು ಬರೆದೆ. ಷರಾದಲ್ಲಿ 'ನಾನು ಗೆರೆ ದಾಟಿದ್ದೆ' ಎಂದು ಬರೆದು ಸಹಿ ಹಾಕಿದೆ. ಸಾಲು ಸೊಟ್ಟಗಾಯಿತು. ಮೇಷ್ಟ್ರಮ್ಮನೂ ತೀರಿಕೊಂಡ ಮೇಲೆ, ಅದನ್ನು ಒಯ್ದು ತೋರಿಸಬೇಕಾದ ಮನೆ ಮದ್ದೂರಿನಲ್ಲಿ ಈಗ ಯಾವುದೂ ಇಲ್ಲ.